‘ಅದು ಸುಳ್ಳು’ ಅಂದರೆ ಸಾಲದು

ಆಪ್ತಸಲಹೆಗೆ ಬರುವವರ ಬಾಯಲ್ಲಿ ಈ ದೂರು ಮತ್ತೆ ಮತ್ತೆ ಕೇಳುತ್ತೇನೆ: ‘ಅಪ್ಪ ನಂಬಿರೋದು ಸುಳ್ಳು ಅಂತ ತೋರಿಸಿದ್ದಾಯ್ತು ಮೇಡಂ. ಆದ್ರೂ ಅಪ್ಪ ಅದನ್ನೇ ಹೇಳ್ತಾರೆ. ಬರೀ ಹಟ.’ ಹಟ ಇರಬಹುದು. ಆದರೆ ಎಷ್ಟೋ ಸಲ ಅದು ಹಟವೇ ಅಲ್ಲ. ಹೇಳಿ ಹೇಳಿ ಸಾಕಾಗಿದ್ದರೂ ಇನ್ನೊಮ್ಮೆ ಹೇಳುತ್ತೇನೆ.

1994ರಲ್ಲಿ ಜಾನ್ಸನ್ ಮತ್ತು ಸೀಫರ್ಟ್ ಎಂಬ ಸಂಶೋಧಕಿಯರು ಒಂದು ಪ್ರಯೋಗ ಪ್ರಕಟಿಸಿದರು. ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಯನ್ನು ಜನರಿಗೆ ತುಣುಕು ತುಣುಕಾಗಿ ಓದಲು ಕೊಟ್ಟಿದ್ದರು. ಒಂದು ಕೋಣೆಯಲ್ಲಿ ಪೇಂಟ್, ಗ್ಯಾಸ್ ಸಿಲಿಂಡರ್ ಇದ್ದವು ಅಂತ ಮೊದಲು ಬಂತು. ಆಮೇಲೆ, ಇಲ್ಲ, ಆ ಕೋಣೆ ಖಾಲಿ ಇತ್ತು ಅಂತ ತಿದ್ದುಪಡಿ. ಓದಿದವರಿಗೆ ತಿದ್ದುಪಡಿ ನೆನಪಿತ್ತು. ಆದರೂ ಬೆಂಕಿ ಅಷ್ಟು ಜೋರಾಗಲು ಕಾರಣ ಕೇಳಿದರೆ ಪೇಂಟ್, ಗ್ಯಾಸ್ ಕಡೆಗೇ ಕೈ ತೋರಿಸಿದರು. ಯಾರೋ ಬೇಕಂತಲೇ ಬೆಂಕಿ ಇಟ್ಟ ಗುರುತು ಸಿಕ್ಕಿದೆ ಅಂತ ತಿಳಿಸಿದಾಗ ಮಾತ್ರ ಆ ಉತ್ತರ ಕಡಿಮೆಯಾಯಿತು.

ತಿದ್ದುಪಡಿ ಹಳೆಯದನ್ನು ಅಳಿಸುವುದಿಲ್ಲ. ಎರಡೂ ತಲೆಯಲ್ಲಿ ಉಳಿಯುತ್ತವೆ. ‘ಹಾಗಾದ್ರೆ ಯಾಕಾಯ್ತು?’ ಅನ್ನುವುದಕ್ಕೆ ನೀವು ಉತ್ತರ ಕೊಡದಿದ್ದರೆ ಮನಸ್ಸು ಹಳೆಯ ಉತ್ತರಕ್ಕೇ ವಾಪಸ್ ಹೋಗುತ್ತದೆ.

ಆಟಿಸಂ ಇರುವ ಮಗನ ತಾಯಿಯೊಬ್ಬರು ಬರುತ್ತಿದ್ದರು. ತುಂಬಾ ಓದಿಕೊಂಡವರು. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೇನೋ ಅನ್ನುವ ಅನುಮಾನ ಹುಟ್ಟಿಸಿದ 1998ರ ಲೇಖನ ಬರೀ 12 ಮಕ್ಕಳದ್ದು, ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು ಅನ್ನುವುದೆಲ್ಲ ಅವರಿಗೆ ಗೊತ್ತಿತ್ತು. ‘ಆದ್ರೆ ಇಂಜೆಕ್ಷನ್ ಆದ್ಮೇಲೇ ಅಲ್ವಾ ಇವನ ಮಾತು ನಿಂತಿದ್ದು?’ ಅಂದರು. ಆ ಪ್ರಶ್ನೆಗೆ ಅವರಿಗೆ ಯಾರೂ ಉತ್ತರ ಹೇಳಿರಲಿಲ್ಲ. ಆಟಿಸಂ ಇರುವ ಕೆಲವು ಮಕ್ಕಳು ಕಲಿತ ಮಾತನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಎರಡನೇ ವರ್ಷದಲ್ಲಿ. ಆ ಲಸಿಕೆಯೂ ಸಾಮಾನ್ಯವಾಗಿ ಅದೇ ಹೊತ್ತಿಗೆ ಬರುತ್ತದೆ. ಡೆನ್ಮಾರ್ಕ್‌ನಲ್ಲಿ 5 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿದ 2002ರ ಅಧ್ಯಯನದಲ್ಲಿ, ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಇಷ್ಟು ಹೇಳಿದ ಮೇಲೆ ಅವರು ಕೇಳಿದ್ದು, ‘ಅಂದ್ರೆ ನಾನು ಕರ್ಕೊಂಡು ಹೋಗಿದ್ರಿಂದ ಆಗಿದ್ದಲ್ವಾ?’ ಅಂತ. ಇಂಥವರನ್ನು ದಡ್ಡರು ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಕಾರಣ ಕೊಟ್ಟರೆ ಎಲ್ಲರೂ ಒಪ್ಪುತ್ತಾರೆ ಅಂತ ನಾನು ಹೇಳಲಾರೆ. ನಂಬಿಕೆ ರಾಜಕೀಯಕ್ಕೋ ತಮ್ಮವರ ಮೇಲಿನ ನಿಷ್ಠೆಗೋ ಅಂಟಿಕೊಂಡಿದ್ದರೆ ಕಷ್ಟ ಜಾಸ್ತಿ. ಒಪ್ಪಿದವರಲ್ಲೂ ತಿದ್ದುಪಡಿಯ ಪ್ರಭಾವ ದಿನ ಕಳೆದಂತೆ ಕಡಿಮೆಯಾಗುತ್ತದೆ. ಹಾಗಾಗಿ ಸುಳ್ಳನ್ನು ಸುಮ್ನೆ ಮತ್ತೆ ಮತ್ತೆ ಎತ್ತಾಡದೆ, ನಿಜವಾದ ಕಾರಣವನ್ನೇ ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಹೇಳಬೇಕಾಗುತ್ತದೆ.