ಪದ ಪರಿಚಯ: ಮರಳು ದಿಬ್ಬದ ಪುನಶ್ಚೇತನ

ಉಬ್ಬರದ ನೀರು ಮುಟ್ಟುವ ಗೆರೆಗಿಂತ ಮೇಲೆ, ಗಾಳಿ ಹೊತ್ತು ತಂದ ಮರಳು ಬಳ್ಳಿ–ಹುಲ್ಲುಗಳ ಬುಡದಲ್ಲಿ ನಿಂತು ಬೆಳೆದ ಏರಿಯೇ ಮರಳು ದಿಬ್ಬ. ಹಾಳಾದ ದಿಬ್ಬ ಮತ್ತೆ ತಾನಾಗಿ ಬೆಳೆಯುವಂತೆ ಮಾಡುವ ಕೆಲಸಕ್ಕೆ ಪುನಶ್ಚೇತನ ಎನ್ನುತ್ತಾರೆ. ಜೆಸಿಬಿಯಲ್ಲಿ ಮರಳು ರಾಶಿ ಹಾಕಿದ ಮಾತ್ರಕ್ಕೆ ಅದು ದಿಬ್ಬವಾಗುವುದಿಲ್ಲ. ಬಳ್ಳಿಯ ಹಿಡಿತವಿಲ್ಲದ ರಾಶಿಯನ್ನು ಬೇಸಿಗೆಯ ಗಾಳಿ ತೀರದ ಮನೆಗಳ ಅಂಗಳಕ್ಕೆ ಸುರಿಯುತ್ತದೆ, ಉಳಿದದ್ದು ಮಳೆಗಾಲದ ಅಲೆಗೆ ಹೋಗುತ್ತದೆ.

ಉಡುಪಿ–ಮಂಗಳೂರು ತೀರದಲ್ಲಿ ದಿಬ್ಬ ಬೆಳೆಯುವುದು ಅಕ್ಟೋಬರ್‌ನಿಂದ ಮೇವರೆಗೆ. ಕಡಲು ಶಾಂತವಾದ ಮೇಲೆ ಸಣ್ಣ ಅಲೆಗಳು ಮರಳನ್ನು ದಡಕ್ಕೆ ಮರಳಿಸುತ್ತವೆ. ಅದು ಒಣಗಿದರೆ ಮಧ್ಯಾಹ್ನದ ಕಡಲಗಾಳಿಗೆ ಮರಳ ಕಾಳುಗಳು ನೆಲಕ್ಕೆ ತಾಗಿಕೊಂಡೇ ಕುಪ್ಪಳಿಸುತ್ತ ಒಳಗೆ ಸಾಗುತ್ತವೆ. ದಾರಿಯಲ್ಲಿ ಒಂದು ಬಳ್ಳಿ ಅಡ್ಡ ಬಂದರೆ ಅಲ್ಲಿ ಗಾಳಿಯ ವೇಗ ತಗ್ಗಿ ಕಾಳು ಕೆಳಗೆ ಬೀಳುತ್ತದೆ. ಈ ಕೆಲಸಕ್ಕೆ ಅಡುಂಬು ಬಳ್ಳಿಗಿಂತ ತಕ್ಕ ಗಿಡ ನಮ್ಮ ತೀರದಲ್ಲಿಲ್ಲ. ಎರಡು ಸೀಳಿನ ದಪ್ಪ ಎಲೆ, ನೇರಳೆ ಬಣ್ಣದ ಹೂವು; ಹಂಬು ಹರಿದಂತೆ ಒಂದೊಂದು ಗೆಣ್ಣಿನಲ್ಲೂ ಕೆಳಗೆ ಬೇರು, ಮೇಲೆ ಚಿಗುರು. ಮರಳು ಮುಚ್ಚಿದರೆ ಸಾಯುವುದಿಲ್ಲ, ಮುಚ್ಚಿದಷ್ಟೂ ಮೇಲೇಳುತ್ತದೆ. ಮುಳ್ಳುಮುಳ್ಳಾದ ರಾವಣನ ಮೀಸೆ ಹುಲ್ಲಿನ ಸ್ವಭಾವವೂ ಹೀಗೆಯೇ. ಅದರ ಬೀಜದ ಚೆಂಡು ಗಾಳಿಗೆ ಉರುಳುತ್ತ ಹೋಗಿ ತಾನು ನಿಂತಲ್ಲಿ ಹೊಸ ದಿಬ್ಬಕ್ಕೆ ಮೊದಲಿಡುತ್ತದೆ. ಇವೆರಡರ ಹಿಂದೆ ಲಕ್ಕಿ, ಕೇದಗೆ, ಅದರ ಹಿಂದೆ ಹೊನ್ನೆ, ಹೊಂಗೆ.

ಜೂನ್ ಬಂದಾಗ ಅಲೆ ದಿಬ್ಬದ ಮುಖವನ್ನು ಕಡಿಯುತ್ತದೆ. ಹೋದ ಮರಳು ಸ್ವಲ್ಪ ದೂರದಲ್ಲೇ ನೀರಿನಡಿ ತಿಟ್ಟಾಗಿ ನಿಲ್ಲುತ್ತದೆ. ದೊಡ್ಡ ಅಲೆಗಳು ಅಲ್ಲೇ ಒಡೆದು ದಡಕ್ಕೆ ಬರುವಾಗ ಬಲ ಕಳೆದುಕೊಂಡಿರುತ್ತವೆ. ಸುಗ್ಗಿಯಲ್ಲಿ ತುಂಬಿಸಿ ಮಳೆಗಾಲದ ಆಟಿ ತಿಂಗಳಲ್ಲಿ ತೆಗೆಯುವ ಭತ್ತದ ಪತ್ತಾಯದ ಹಾಗೆ ಈ ದಿಬ್ಬ. ಆದ್ದರಿಂದ ಜುಲೈಯಲ್ಲಿ ಕುಸಿದ ಮುಖ ನೋಡಿ ಗಾಬರಿಯಿಂದ ಕಲ್ಲು ಸುರಿಯಬಾರದು. ಕಲ್ಲಿನ ಗೋಡೆಗೆ ಬಡಿದ ಅಲೆ ಹಿಂದೆ ಸರಿಯುವಾಗ ಬುಡದ ಮರಳನ್ನು ಕೆರೆದೊಯ್ಯುತ್ತದೆ, ಗೋಡೆ ಮುಗಿಯುವಲ್ಲಿ ಪಕ್ಕದವರ ತೀರಕ್ಕೆ ಕಡಲ್ಕೊರೆತ ಶುರುವಾಗುತ್ತದೆ. ಆದರೆ ಉಳ್ಳಾಲದಂತೆ ವರ್ಷದಿಂದ ವರ್ಷಕ್ಕೆ ದಡವೇ ಹಿಂದೆ ಸರಿಯುವ ಕಡೆ ಬಳ್ಳಿ ನೆಟ್ಟು ಪ್ರಯೋಜನವಿಲ್ಲ. ಅಲ್ಲಿ ಕೊರತೆಯಿರುವುದು ಮರಳಿನದು. ಮಳೆ ಮುಗಿದ ಮೇಲೆ ದಿಬ್ಬದ ಮುಂದೆ ಅಗಲವಾದ ಒಣ ಮರಳು ಮರಳಿ ಬರುತ್ತಿದೆಯೇ ಎಂದು ಮೊದಲು ನೋಡಬೇಕು.

ಬರುತ್ತಿದ್ದರೆ ಅಕ್ಟೋಬರ್ ಕೊನೆಗೆ ಬೇಲಿ. ಅಡಿಕೆ ಮರ ಸೀಳಿದ ಪಟ್ಟಿ, ಅಂದರೆ ದಬ್ಬೆ, ಧಾರಾಳ ಸಾಕು. ನೆಲದಿಂದ 4 ಅಡಿ ಎತ್ತರ, ಕಂಬ ಎರಡೂವರೆ ಅಡಿ ಆಳಕ್ಕೆ. ದಬ್ಬೆಯ ಅಗಲ ಎಷ್ಟೋ ನಡುವಿನ ಸಂದೂ ಅಷ್ಟೇ, ಅಂದರೆ ಅರ್ಧ ಗಾಳಿ ದಾಟಿ ಹೋಗಬೇಕು. ಇಲ್ಲಿ ಸಾಮಾನ್ಯವಾಗಿ ತಪ್ಪಾಗುವುದು ಹೆಣೆದ ತೆಂಗಿನ ಮಡಲು ಕಟ್ಟುವಾಗ. ಗಾಳಿ ಪೂರ್ತಿ ತಡೆದರೆ ಸುಳಿ ಎದ್ದು ಬೇಲಿಯ ಬುಡವೇ ತೋಡಿ ಹೋಗುತ್ತದೆ. ಉದ್ದಕ್ಕೆ ಒಂದೇ ಬೇಲಿಯೂ ಬೇಡ: ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಗೆ ದಾರಿ ಬೇಕು. 10 ಅಡಿಯ ತುಂಡುಗಳನ್ನು ಓರೆಯಾಗಿ, ನಡುವೆ 7 ಅಡಿ ಬಿಟ್ಟು ನಿಲ್ಲಿಸಿದರೆ ಮರಳೂ ಸಿಗುತ್ತದೆ, ಆಮೆಯೂ ದಾಟುತ್ತದೆ. ಸಸಿಹಿತ್ಲು, ತಣ್ಣೀರುಬಾವಿಯಂಥ ಕಡೆ ಇದನ್ನು ಮರೆಯಲೇಬಾರದು.

ನಾಟಿಗೆ ಕಾಲ ಎರಡು. ದಿಬ್ಬದ ನೆತ್ತಿ ಮತ್ತು ಒಳಮಗ್ಗುಲಿಗೆ ಜೂನ್. ಕಡಲ ಮುಖಕ್ಕೆ ಸೆಪ್ಟೆಂಬರ್, ಅಲೆ ಇಳಿದು ಮಳೆ ಇನ್ನೂ ಉಳಿದಿರುವಾಗ. ಅಡುಂಬಿನ ಬಲಿತ ಹಂಬನ್ನು ಒಂದೂವರೆ ಅಡಿ ಉದ್ದಕ್ಕೆ, ನಾಲ್ಕೈದು ಗೆಣ್ಣು ಬರುವಂತೆ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಎರಡು–ಮೂರು ಗೆಣ್ಣು ಒದ್ದೆ ಮರಳಿನಲ್ಲಿ ಹೂತುಹೋಗುವಂತೆ ಓರೆಯಾಗಿ ನೆಡಬೇಕು. ಎರಡೆರಡು ಅಡಿ ಅಂತರ, ಒಂದು ಸಾಲಿನ ಸಂದಿಗೆ ಮುಂದಿನ ಸಾಲಿನ ಹಂಬು ಬರುವಂತೆ. ಹಂಬನ್ನು ಬೇರೆ ದಿಬ್ಬದ ಕಡಲ ಮುಖದಿಂದ ಕೀಳಬೇಡಿ, ಹಿಂಭಾಗದಿಂದ ಅಲ್ಲೊಂದು ಇಲ್ಲೊಂದು ಸಾಕು. ಬೀಜದಿಂದ ಬೆಳೆಸುವುದಾದರೆ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಸ್ಯಾಂಡ್‌ಪೇಪರಿನಲ್ಲಿ ಒಂದು ಬದಿ ಉಜ್ಜಿ ರಾತ್ರಿ ನೀರಲ್ಲಿ ನೆನೆಹಾಕದಿದ್ದರೆ ಮೊಳಕೆ ಬರುವುದು ಕಷ್ಟ.

ಗುಂಡಿಗೆ ಕೆಂಪು ಮಣ್ಣು ತುಂಬುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಅದರ ಜತೆ ಗುಡ್ಡದ ಕಳೆ ಬರುತ್ತದೆ, ಮೇಲ್ಮೈ ಗಟ್ಟಿಯಾಗಿ ಮರಳಿನ ಓಡಾಟ ನಿಲ್ಲುತ್ತದೆ. ಕಡಲ ಕಡೆಯ ಮುಂದಿನ ಸಾಲಿಗೆ ಗಾಳಿ ಮರವೂ (ಕ್ಯಾಸುರಿನಾ) ಸಲ್ಲದು: ಉದುರಿದ ತರಗೆಲೆಯ ಹಾಸಿನಡಿ ಬಳ್ಳಿ ಬದುಕುವುದಿಲ್ಲ, ಅಲೆ ಬುಡ ಕೊರೆದಾಗ ಮರ ಮಗುಚಿ ಬೀಳುತ್ತದೆ.

ನೆಟ್ಟದ್ದಕ್ಕಿಂತ ಹೆಚ್ಚು ದಿಬ್ಬ ಉಳಿಯುವುದು ತುಳಿತ ತಪ್ಪಿಸಿದಲ್ಲಿ. ಕಾಲುದಾರಿ ಕಡಲಿಗೆ ನೇರವಾಗಿದ್ದರೆ ಗಾಳಿ ಅದೇ ಸಂದಿನಲ್ಲಿ ನುಗ್ಗಿ ದಿಬ್ಬವನ್ನು ಸೀಳುತ್ತದೆ. ದಾರಿಯನ್ನು ಓರೆಯಾಗಿ ತಿರುಗಿಸಿ, ಸಾಧ್ಯವಾದರೆ ನೆಲದಿಂದ ಎತ್ತರಿಸಿದ ಮರದ ಸಂಕ (ಕಾಲುಸೇತುವೆ) ಹಾಕಿ. ನಾಡದೋಣಿ ಎಳೆಯುವ, ಕೈರಂಪಣಿ ಬಲೆ ಹರಡುವ ಜಾಗ ಯಾವುದೆಂದು ಮೀನುಗಾರರ ಜತೆ ಕೂತು ಮೊದಲೇ ಗುರುತಿಸಬೇಕು, ಅವರ ಒಪ್ಪಿಗೆಯಿಲ್ಲದ ಬೇಲಿ ನಿಲ್ಲುವುದಿಲ್ಲ, ನಿಲ್ಲಿಸುವುದು ನ್ಯಾಯವೂ ಅಲ್ಲ. ಬೀಚ್ ಸ್ವಚ್ಛತೆಗೆ ಯಂತ್ರ ಬಿಟ್ಟರೆ ಕಸದ ಜತೆ ಎಳೆಯ ದಿಬ್ಬಗಳೂ ಹೋಗುತ್ತವೆ. ಪ್ಲಾಸ್ಟಿಕನ್ನು ಕೈಯಲ್ಲೇ ಹೆಕ್ಕಬೇಕು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಮರಳು ದಿಬ್ಬ ಪರಿಸರಸೂಕ್ಷ್ಮ ಪ್ರದೇಶಗಳ 1-ಎ ವರ್ಗಕ್ಕೆ ಸೇರಿದೆ. ಸೌಂದರ್ಯೀಕರಣದ ಹೆಸರಿನಲ್ಲಿ ಅದನ್ನು ಸಮತಟ್ಟು ಮಾಡುವಂತಿಲ್ಲ. ಬೇಲಿ, ಸಂಕಗಳಿಗೂ ಸಂಬಂಧಪಟ್ಟ ಕಚೇರಿಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬೇಲಿಯ ಪಕ್ಕ ಅಡಿ ಗುರುತು ಹಾಕಿದ ಒಂದು ಕೋಲು ನೆಟ್ಟು ತಿಂಗಳಿಗೊಮ್ಮೆ ಮರಳಿನ ಮಟ್ಟ ಬರೆದಿಡಿ. ಬೇಲಿ ಮುಕ್ಕಾಲು ಮುಚ್ಚಿದಾಗ ಅದನ್ನು ಕೀಳದೆ, ಅದರ ಮೇಲೆಯೇ ಇನ್ನೊಂದು ಸಾಲು ದಬ್ಬೆ ಹೊಡೆಯಬೇಕು. ಮೊದಲ ಬೇಸಿಗೆಯಲ್ಲಿ ಒಣಗಿಹೋದ ಹಂಬುಗಳ ಜಾಗಕ್ಕೆ ಮುಂದಿನ ಮಳೆಗಾಲದಲ್ಲಿ ಮರುನಾಟಿ.