ಮನೆಯ ಮೀಡಿಯಾ ಸರ್ವರ್‌ಗೆ ಎಂಥ ಕಂಪ್ಯೂಟರ್ ತಗೊಳ್ಳಲಿ?

ಪ್ರಶ್ನೆ: ಮದುವೆ ವಿಡಿಯೊ, ಮಕ್ಕಳ ಫೋಟೊ, ಡಿಸ್ಕಿನಲ್ಲಿರುವ ಸಿನಿಮಾಗಳನ್ನೆಲ್ಲ ಒಂದೇ ಕಡೆ ಇಟ್ಟು ಟಿವಿಯಲ್ಲೂ ಫೋನಿನಲ್ಲೂ ನೋಡಬೇಕು. ಅದಕ್ಕೆ ಜೆಲ್ಲಿಫಿನ್ ಅನ್ನುವ ಉಚಿತ ಮೀಡಿಯಾ ಸರ್ವರ್ ತಂತ್ರಾಂಶ ಹಾಕೋಣ ಅಂತಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರೇ ಬೇಕಾ?

ಬೇಡ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದ್ದರೆ ಅದಕ್ಕೇ ಜೆಲ್ಲಿಫಿನ್ ಹಾಕಿ. ಟಿವಿಯಲ್ಲಿ ಒಂದು ಸಿನಿಮಾ ಶುರುಮಾಡಿ, ಸರ್ವರ್‌ನ ಡ್ಯಾಶ್‌ಬೋರ್ಡ್ ನೋಡಿ. ಫೈಲು ನೇರವಾಗಿ ಹೋಗುತ್ತಿದೆಯಾ, ಟ್ರಾನ್ಸ್‌ಕೋಡ್ ಆಗುತ್ತಿದೆಯಾ ಅನ್ನುವುದು ಅಲ್ಲೇ ಕಾಣುತ್ತದೆ. ನೇರವಾಗಿ ಹೋಗುತ್ತಿದ್ದರೆ ಕಷ್ಟದ ಕೆಲಸವೆಲ್ಲ ಟಿವಿಯದ್ದು. ಸರ್ವರ್‌ಗೆ ಹತ್ತು ವರ್ಷ ಹಳೆಯ ಪ್ರೊಸೆಸರ್ ಸಾಕು.

ಟ್ರಾನ್ಸ್‌ಕೋಡ್ ಅಂದರೆ ಫೈಲನ್ನು ಟಿವಿಗೆ ಒಗ್ಗುವ ರೂಪಕ್ಕೆ ಆಗಿಂದಾಗಲೇ ಬದಲಿಸುವುದು. ಪ್ರೊಸೆಸರ್ ಸುಸ್ತಾಗುವುದು ಇಲ್ಲೇ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು 4ಕೆ ಸಿನಿಮಾ ಹಾಕಿದಾಗ ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಚಿತ್ರ ನಿಂತು ನಿಂತು ಬರುತ್ತಿತ್ತು. ಸಬ್‌ಟೈಟಲ್ ತೆಗೆದ ಕೂಡಲೇ ಎಲ್ಲ ಸರಿಹೋಯಿತು! ಬ್ಲೂ-ರೇ ಸಬ್‌ಟೈಟಲ್ ಅಕ್ಷರವಾಗಿ ಇರುವುದಿಲ್ಲ, ಪುಟ್ಟ ಚಿತ್ರಗಳಾಗಿ ಇರುತ್ತದೆ. ಟಿವಿಗೆ ಅದನ್ನು ತೋರಿಸಲು ಬಾರದಿದ್ದರೆ ಸರ್ವರ್ ವಿಡಿಯೊ ಮೇಲೇ ಅದನ್ನು ಅಚ್ಚೊತ್ತಿ ಕಳಿಸಬೇಕು. ಎಸ್‌ಆರ್‌ಟಿ (ಅಕ್ಷರರೂಪದ ಸಬ್‌ಟೈಟಲ್) ಫೈಲು ಇಟ್ಟುಕೊಂಡರೆ ಸಾಮಾನ್ಯವಾಗಿ ಈ ತಾಪತ್ರಯ ಇರುವುದಿಲ್ಲ.

ಆಮೇಲೂ ಟ್ರಾನ್ಸ್‌ಕೋಡ್ ಬೇಕೇ ಬೇಕು ಅನ್ನಿಸಿದರೆ ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ತಗೊಳ್ಳಿ. ಅದರಲ್ಲಿರುವ, ವಿಡಿಯೊ ಬದಲಿಸಲೆಂದೇ ಮಾಡಿದ ಕ್ವಿಕ್ ಸಿಂಕ್ ಭಾಗ ಈ ಕೆಲಸವನ್ನು ಹಾರ್ಡ್‌ವೇರ್‌ನಲ್ಲೇ ಮುಗಿಸುತ್ತದೆ. ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ಆದರೆ ಇಂಟೆಲ್ 7ನೇ ತಲೆಮಾರಿಗಿಂತ ಹಳೆಯದು ಬೇಡ. 4ಕೆ ಸಿನಿಮಾಗಳಲ್ಲಿ ಹೆಚ್ಚಾಗಿ ಬಳಸುವ 10-ಬಿಟ್ ಎಚ್‌ಇವಿಸಿ ಅನ್ನುವ ವಿಡಿಯೊ ರೂಪಕ್ಕೆ ಪೂರ್ತಿ ಹಾರ್ಡ್‌ವೇರ್ ಬೆಂಬಲ ಬಂದಿದ್ದೇ ಅಲ್ಲಿಂದ. ರಾಸ್‌ಬೆರಿ ಪೈ 5 ಅನ್ನುವ ಅಂಗೈ ಗಾತ್ರದ ಕಂಪ್ಯೂಟರಿನಲ್ಲಿ ವಿಡಿಯೊ ರೂಪ ಬದಲಿಸುವ ಎನ್‌ಕೋಡರ್ ಇಲ್ಲ, ನೇರವಾಗಿ ಕಳಿಸುವುದಕ್ಕಷ್ಟೇ ಸರಿ.

ಕರೆಂಟ್ ಬಿಲ್ಲನ್ನೂ ನೋಡಬೇಕಲ್ವಾ? ದಿನವಿಡೀ 10 ವ್ಯಾಟ್ ಎಳೆಯುವ ಪೆಟ್ಟಿಗೆ ತಿಂಗಳಿಗೆ ಸುಮಾರು 7 ಯೂನಿಟ್ ಉರಿಸುತ್ತದೆ. 60 ವ್ಯಾಟಿನ ಹಳೇ ಡೆಸ್ಕ್‌ಟಾಪ್ 43 ಯೂನಿಟ್.

ಉಳಿಸಿದ ದುಡ್ಡಲ್ಲಿ ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ. ಇದರಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ. ಎರಡನ್ನೂ ರೇಡ್‌ನಲ್ಲಿ (ಎರಡರಲ್ಲೂ ಸದಾ ಒಂದೇ ಡೇಟಾ ಇರುವಂತೆ) ಜೋಡಿಸಿ ಕೂತರೆ, ಕೈತಪ್ಪಿ ಅಳಿಸಿದ ಫೋಟೊ ಎರಡರಿಂದಲೂ ಹೋಗುತ್ತದೆ. ಒಂದನ್ನು ಸರ್ವರ್‌ಗೆ ಹಾಕಿ, ಇನ್ನೊಂದಕ್ಕೆ ತಿಂಗಳಿಗೊಮ್ಮೆ ನಕಲು ಮಾಡಿ, ಬಿಚ್ಚಿ ಬೀರುವಿನಲ್ಲಿಡಿ.

ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿಕೊಂಡರೆ ಅದರ ಬ್ಯಾಟರಿಯೇ ಯುಪಿಎಸ್. ಆದರೆ ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಬ್ಯಾಟರಿ ಉಬ್ಬಿರಬಹುದು. ಆಗ ಒಂದು ದಿನವೂ ಕಾಯದೆ ಅಂಗಡಿಯಲ್ಲಿ ತೆಗೆಸಿಬಿಡಿ.