ಕ್ಯಾಂಪಿಗೆ ಕರೆ ಬಂದಿದೆ, ಜಾಗ ಎಲ್ಲಿದೆ?

ಪ್ರೊ ಕಬಡ್ಡಿ ತಂಡದ ಕ್ಯಾಂಪಿಗೆ ನಮ್ಮ ಕಡೆಯ ಹುಡುಗನೊಬ್ಬನಿಗೆ ಕರೆ ಬಂದರೆ ಊರಲ್ಲಿ ಮೊದಲು ಏಳೋದು ಫ್ಲೆಕ್ಸ್. ‘ಪ್ರೊ ಕಬಡ್ಡಿಗೆ ಆಯ್ಕೆಯಾದ ನಮ್ಮೂರ ಹೆಮ್ಮೆಯ ಆಟಗಾರನಿಗೆ ಹಾರ್ದಿಕ ಅಭಿನಂದನೆಗಳು’ ಅಂತ ಬಸ್ ಸ್ಟ್ಯಾಂಡಿನಲ್ಲಿ ಕಟ್ಟುತ್ತಾರೆ. ಖುಷಿ ಪಡೋ ವಿಷಯವೇ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೊಂದು ಹೊನಲು ಬೆಳಕಿನ ಪಂದ್ಯಾವಳಿ ಆಡಿಕೊಂಡು ಬೆಳೆದ ಹುಡುಗರು ಇವರು. ಅವರ ಹೆಸರು ಅಷ್ಟು ದೂರ ಹೋಗಿದ್ದೇ ದೊಡ್ಡದು.

ಆದರೆ ಕ್ಯಾಂಪಿಗೆ ಕರೆದರು ಅಂದರೆ ತಂಡಕ್ಕೆ ತಗೊಂಡರು ಅಂತಲ್ಲ. ಈ ಎರಡರ ನಡುವೆ ಏನು ನಡೆಯುತ್ತದೆ ಅನ್ನೋದನ್ನು ಹುಡುಗರಿಗಾಗಲಿ, ಮನೆಯವರಿಗಾಗಲಿ ಯಾರೂ ಬಿಡಿಸಿ ಹೇಳುವುದಿಲ್ಲ. ದಾವಣಗೆರೆಯಲ್ಲಿ ಕಬಡ್ಡಿ ಹುಡುಗರನ್ನು ತಯಾರು ಮಾಡುವ ಕೋಚ್ ನಾನು. ನನ್ನ ಹತ್ತಿರ ಬರುವ ಅಪ್ಪಂದಿರು ಕೇಳುವ ಮಾತು ಹೆಚ್ಚು ಕಡಿಮೆ ಒಂದೇ: ‘ಸರ್, ನಮ್ಮ ಹುಡುಗ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ತಗೊಂಡಿದ್ದ. ಆದ್ರೂ ಮನೆಗೆ ಕಳಿಸಿಬಿಟ್ಟರು. ಒಳಗೆ ಏನೋ ನಡೆದಿದೆ ಅಲ್ವಾ?’

ಮೊದಲು ಲೆಕ್ಕ ನೋಡೋಣ. ಲೀಗಿನಲ್ಲಿ 12 ತಂಡಗಳಿವೆ. ಇತ್ತೀಚಿನ ಸೀಸನ್‌ಗಳ ನಿಯಮದ ಪ್ರಕಾರ ಒಂದು ತಂಡ ಕನಿಷ್ಠ 18, ಗರಿಷ್ಠ 25 ಜನರನ್ನು ಇಟ್ಟುಕೊಳ್ಳಬಹುದು. ಪಂದ್ಯದ ದಿನ ಪಟ್ಟಿಯಲ್ಲಿ ಇರೋದು 12 ಜನ. ಅದರಲ್ಲಿ 7 ಜನ ಮ್ಯಾಟ್ ಮೇಲೆ, 5 ಜನ ಬೆಂಚಿನಲ್ಲಿ. ತಂಡದ ಜಾಗಗಳು ಕ್ಯಾಂಪಿನಲ್ಲಿ ತುಂಬುತ್ತವೆ ಅಂದುಕೊಂಡರೆ ಅದು ತಪ್ಪು. ಹೆಚ್ಚಿನವು ಹರಾಜಿನ ಹೊತ್ತಿಗೇ ತುಂಬಿರುತ್ತವೆ. ಹಳೇ ಆಟಗಾರರಲ್ಲಿ ಕೆಲವರನ್ನು ತಂಡ ಹರಾಜಿಗೆ ಮೊದಲೇ ಉಳಿಸಿಕೊಂಡಿರುತ್ತದೆ. ಆಮೇಲೆ 30 ಲಕ್ಷ, 20 ಲಕ್ಷ, 13 ಲಕ್ಷ, 9 ಲಕ್ಷ ಮೂಲ ಬೆಲೆಯ ನಾಲ್ಕು ವರ್ಗಗಳಲ್ಲಿ ಹರಾಜು ನಡೆಯುತ್ತದೆ. ವಿದೇಶಿ ಆಟಗಾರರಿಗೂ ಜಾಗ ಇಡಬೇಕು. ಇಷ್ಟೆಲ್ಲ ಆದಮೇಲೆ ಉಳಿದ ಕೆಲವೇ ಜಾಗಗಳಿಗೆ ಟ್ರಯಲ್ಸ್‌ನಿಂದ ಬಂದ ಹೊಸ ಹುಡುಗರನ್ನು ನೋಡುತ್ತಾರೆ. ‘ನ್ಯೂ ಯಂಗ್ ಪ್ಲೇಯರ್’ ಅನ್ನೋದು ಇವರಿಗೇ. ನಮ್ಮ ಬಾಯಲ್ಲಿ ಎನ್‌ವೈಪಿ.

ಇಲ್ಲಿ ದುಡ್ಡಿನ ಲೆಕ್ಕವೂ ಹುಡುಗರಿಗೆ ಗೊತ್ತಿರಬೇಕು. ಆಟಗಾರರಿಗೆ ತಂಡ ಖರ್ಚು ಮಾಡಬಹುದಾದ ಒಟ್ಟು ದುಡ್ಡು, ಅಂದರೆ ಪರ್ಸ್, 5 ಕೋಟಿ. 2025ರ ಹರಾಜಿನಲ್ಲಿ ಗುಜರಾತ್ ತಂಡ ಇರಾನಿನ ಮೊಹಮ್ಮದ್ ರೆಜಾ ಶಾದ್ಲೂಯಿಗೆ 2.23 ಕೋಟಿ ಕೊಟ್ಟಿತು. ಒಬ್ಬನಿಗೇ ಹೆಚ್ಚು ಕಡಿಮೆ ಅರ್ಧ ಪರ್ಸ್ ಹೋದರೆ ಉಳಿದ ಜಾಗಗಳಿಗೆ ಕಡಿಮೆ ದುಡ್ಡಿನಲ್ಲಿ ಸಿಗುವವರೇ ಬೇಕಲ್ವಾ? ಹಾಗಾಗಿ ದುಬಾರಿ ಸ್ಟಾರ್ ಇರುವ ತಂಡ ಅಂದರೆ ಹೊಸಬರಿಗೆ ಬಾಗಿಲು ಮುಚ್ಚಿದೆ ಅಂತ ಹೆದರಬೇಕಾಗಿಲ್ಲ. ಎಷ್ಟೋ ಸಲ ಅಲ್ಲೇ ಅವಕಾಶ ಜಾಸ್ತಿ. ಆದರೆ ಆ ಸ್ಟಾರ್ ಆಡುವ ಪೊಸಿಷನ್ನಿನಲ್ಲಿ ಮಾತ್ರ ಆ ಅವಕಾಶ ಇರುವುದಿಲ್ಲ.

ಇಡೀ ವಿಷಯದ ಗಂಟು ಇರೋದು ಇಲ್ಲೇ. ಕ್ಯಾಂಪಿನಲ್ಲಿ ಖಾಲಿ ಇರುವ ಜಾಗಕ್ಕೆ ಒಂದು ಆಕಾರ ಇರುತ್ತದೆ. ಸುಮ್ನೆ ‘ಒಬ್ಬ ಒಳ್ಳೆ ಆಟಗಾರ ಬೇಕು’ ಅಂತ ಯಾವ ಕೋಚೂ ಹುಡುಕುವುದಿಲ್ಲ. ‘ನಮ್ಮ ರೈಟ್ ಕಾರ್ನರ್‌ಗೆ ಗಾಯ ಆದರೆ ಯಾರು?’, ‘ಮೂರನೇ ರೈಡರ್ ಎಡಗಡೆಯಿಂದ ಹೋಗುವವನು ಬೇಕು’, ‘ಡೂ ಆರ್ ಡೈ ರೈಡಿಗೆ ಒಬ್ಬ ಬೇಕು’ ಅಂತ ಹುಡುಕುತ್ತಾರೆ. ಡೂ ಆರ್ ಡೈ ಅಂದರೆ ಪಾಯಿಂಟ್ ತರಲೇಬೇಕಾದ, ತರದಿದ್ದರೆ ಔಟಾಗುವ ರೈಡ್. ಏಳು ಜನರಲ್ಲಿ ಸಾಮಾನ್ಯವಾಗಿ ಇಬ್ಬರು ಕಾರ್ನರ್ (ಎರಡು ಅಂಚಿನಲ್ಲಿ ನಿಂತು ಹಿಡಿಯುವವರು), ಇಬ್ಬರು ಕವರ್ (ಒಳಗಡೆ ನಿಂತು ಹಿಡಿಯುವವರು), ಮೂವರು ರೈಡರ್‌ಗಳು (ಎದುರಾಳಿ ಅಂಗಳಕ್ಕೆ ನುಗ್ಗಿ ಪಾಯಿಂಟ್ ತರುವವರು). ಮೊದಲ ಇಬ್ಬರು ರೈಡರ್ ಯಾರು ಅನ್ನೋದು ಹರಾಜಿನ ದಿನವೇ ತೀರ್ಮಾನ ಆಗಿರುತ್ತದೆ. ನಮ್ಮ ಹುಡುಗ ಹೋಗಿ ಅವರ ಜಾಗ ಕಿತ್ತುಕೊಳ್ಳುತ್ತೇನೆ ಅಂತ ಕ್ಯಾಂಪಿನಲ್ಲಿ ಇಡೀ ದಿನ ಪಾಯಿಂಟ್ ತರೋದರಲ್ಲೇ ಮುಳುಗಿರುತ್ತಾನೆ. ಕೋಚ್ ನೋಡ್ತಾ ಇರೋದು ಬೇರೆಯೇ.

ಏನು ನೋಡುತ್ತಾರೆ ಅಂತ ಹತ್ತಿರದಿಂದ ಹೇಳುತ್ತೇನೆ. ಪ್ರ್ಯಾಕ್ಟೀಸ್ ಮ್ಯಾಚು. ಹೊಸ ರೈಡರ್ ಒಬ್ಬ ಬೋನಸ್ ಗೆರೆ ದಾಟಿ ಒಂದು ಪಾಯಿಂಟ್ ತಗೊಂಡು, ಬರುವಾಗ ಒಬ್ಬನ ಮುಟ್ಟಿ ಒಟ್ಟು ಎರಡು ಪಾಯಿಂಟ್ ತರುತ್ತಾನೆ. ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಮುಂದಿನ ರೈಡ್ ಎದುರಾಳಿಯದು. ಈಗ ಇದೇ ಹುಡುಗ ಎಡ ಕಾರ್ನರ್‌ನ ಪಕ್ಕದ ಲೆಫ್ಟ್ ಇನ್ ಜಾಗದಲ್ಲಿ ತನ್ನ ಕಾರ್ನರ್‌ನ ಕೈ ಹಿಡಿದು ಚೈನಿನಲ್ಲಿ ನಿಂತಿದ್ದಾನೆ. ಎದುರಾಳಿ ರೈಡರ್ ಒಳಗೆ ಕಾಲಿಡುತ್ತಿದ್ದ ಹಾಗೆ ಕಾರ್ನರ್ ಬಗ್ಗಿ ಆ್ಯಂಕಲ್ ಹಿಡಿದ. ಆ ಕ್ಷಣಕ್ಕೆ ನಮ್ಮ ಹುಡುಗ ಒಳಗೆ ನುಗ್ಗಿ ರೈಡರ್‌ನ ಸೊಂಟಕ್ಕೆ ಬೀಳಬೇಕಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ತನಗೆ ಟಚ್ ಆಗಿಬಿಟ್ಟರೆ ಔಟಾಗಿ ಮುಂದಿನ ರೈಡ್ ತಪ್ಪುತ್ತದಲ್ಲ ಅಂತ. ರೈಡರ್ ಒಂದು ಕಾಲನ್ನು ಎಳೆದುಕೊಂಡೇ ಮಿಡ್‌ಲೈನಿಗೆ ಕೈ ಚಾಚಿದ. ಪಾಯಿಂಟ್ ಎದುರಾಳಿಗೆ ಹೋಯಿತು. ಸ್ಕೋರ್ ಪಟ್ಟಿಯಲ್ಲಿ ಆ ತಪ್ಪು ಬಿದ್ದದ್ದು ಕಾರ್ನರ್‌ನ ಲೆಕ್ಕಕ್ಕೆ. ಆದರೆ ಬದಿಯಲ್ಲಿ ನಿಂತ ಕೋಚ್‌ನ ಪುಸ್ತಕದಲ್ಲಿ ಗೀಟು ಬಿದ್ದದ್ದು ಹಿಂದೆ ಸರಿದ ನಮ್ಮ ಹುಡುಗನ ಹೆಸರಿನ ಮುಂದೆ.

ಮೂರನೇ ರೈಡರ್ ಆದವನು ಪಂದ್ಯದಲ್ಲಿ ರೈಡಿಗೆ ಹೋಗೋದು ಕಡಿಮೆ. ಹೆಚ್ಚು ಹೊತ್ತು ಅವನು ಡಿಫೆನ್ಸಿನಲ್ಲಿ ನಿಂತಿರುತ್ತಾನೆ. ಹಾಗಾಗಿ ಆ ಜಾಗಕ್ಕೆ ಆರಿಸುವಾಗ ಅವನು ರೈಡ್ ಮಾಡದೆ ಇದ್ದಾಗ ಏನು ಮಾಡ್ತಾನೆ ಅನ್ನೋದೇ ಮುಖ್ಯ ಆಗುತ್ತದೆ. ಅಪ್ಪಂದಿರು ಹೇಳುವ ‘ಜಾಸ್ತಿ ಪಾಯಿಂಟ್ ತಗೊಂಡಿದ್ದ’ ಅನ್ನೋ ಮಾತು ನಿಜವೇ ಇರಬಹುದು. ಖಾಲಿ ಇದ್ದ ಜಾಗ ಪಾಯಿಂಟಿನದು ಆಗಿರಲಿಲ್ಲ, ಅಷ್ಟೇ.

ಡಿಫೆಂಡರ್‌ಗಳ ಕಥೆ ಬೇರೆ. ದಾವಣಗೆರೆ ಕುಸ್ತಿಯ ಊರು. ಗರಡಿಯಲ್ಲಿ ಮೈ ಹುರಿಗೊಳಿಸಿಕೊಂಡ ಹುಡುಗರು ಕಬಡ್ಡಿಗೆ ಬಂದರೆ ಅವರ ಹಿಡಿತಕ್ಕೆ ಸಾಟಿ ಇಲ್ಲ. ಅವರಿಗೆ ಕಷ್ಟ ಆಗೋದು ಕಾಯೋದು. ಕಾರ್ನರ್ ಆದವನು ರೈಡರ್‌ನ ಮೈಭಾರ ಪೂರ್ತಿ ಅವನು ಮುಂದಿಟ್ಟ ಕಾಲಿನ ಮೇಲೆ ಬೀಳುವ ತನಕ ಕಾಯಬೇಕು. ಅದಕ್ಕೂ ಮೊದಲೇ ಕೈ ಹಾಕಿದರೆ ಅದು ಅಡ್ವಾನ್ಸ್ ಟ್ಯಾಕಲ್. ಊರಿನ ಪಂದ್ಯದಲ್ಲಿ ಅಡ್ವಾನ್ಸ್ ಹೋದರೂ ಬಲದ ಮೇಲೆ ಎಳೆದು ಕೆಡವಬಹುದು. ಲೀಗ್ ಮಟ್ಟದ ರೈಡರ್ ಅದನ್ನೇ ಕಾಯುತ್ತಿರುತ್ತಾನೆ. ಕಾಲು ಕೊಟ್ಟ ಹಾಗೆ ಮಾಡಿ ಹಿಂದಕ್ಕೆಳೆದು ಬೆನ್ನು ಮುಟ್ಟಿ ಹೋಗುತ್ತಾನೆ. ಕ್ಯಾಂಪಿನ ಮೊದಲ ವಾರದಲ್ಲಿ ಡಿಫೆಂಡರ್‌ಗಳು ಮನೆಗೆ ಹೋಗೋದು ಹೆಚ್ಚಾಗಿ ಈ ಅವಸರಕ್ಕೆ. ಮೂರು ಜನ ಅಥವಾ ಅದಕ್ಕಿಂತ ಕಡಿಮೆ ಉಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಹೆಚ್ಚು. ಆ ಹೊತ್ತಿನಲ್ಲಿ ತಣ್ಣಗೆ ನಿಲ್ಲಬಲ್ಲ ಹುಡುಗನನ್ನು ಯಾವ ಕೋಚೂ ಸುಲಭಕ್ಕೆ ಬಿಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಜಿಲ್ಲೆಯ ಹುಡುಗರಿಗೆ ಲೀಗಿನಲ್ಲಿ ಹತ್ತಿರದ ದಾರಿ ಕಾರ್ನರ್ ಜಾಗ. ಆದರೆ ಹತ್ತು ಹುಡುಗರು ಬಂದರೆ ಒಂಬತ್ತು ಜನ ರೈಡರ್ ಆಗ್ತೀನಿ ಅಂತಾರೆ. ಟೀವಿಯಲ್ಲಿ ಕಾಣೋದು ಅವರೇ ಅಲ್ವಾ.

ಇನ್ನೊಂದು ಮಾತು. ಚೆನ್ನಾಗಿ ಆಡಿಯೂ ಜಾಗ ಸಿಗದೆ ಇರೋದು ನಮ್ಮಲ್ಲಿ ಮಾತ್ರ ನಡೆಯುವ ಅನ್ಯಾಯ ಅಂತ ಹುಡುಗರು ಅಂದುಕೊಳ್ಳುತ್ತಾರೆ. ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ನೋಡಿ. ಅಲ್ಲಿ 32 ತಂಡಗಳು. ಒಂದೊಂದು ತಂಡಕ್ಕೆ 50 ಒಪ್ಪಂದಗಳ ಮಿತಿ, ಮುಖ್ಯ ಪಟ್ಟಿಯಲ್ಲಿ 23 ಜನ, ಪಂದ್ಯದ ದಿನ ಆಡೋದು 20 ಜನ. ಸೆಪ್ಟೆಂಬರ್ ಕ್ಯಾಂಪಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಜನ ಬರುತ್ತಾರೆ. ಒಪ್ಪಂದವೇ ಇಲ್ಲದೆ ಬರೀ ಟ್ರಯಲ್ ಮೇಲೆ ಬರುವ ಹಿರಿಯ ಆಟಗಾರರೂ ಅದರಲ್ಲಿ ಇರುತ್ತಾರೆ. ಅಲ್ಲಿ ಅನುಭವಿ ಆಟಗಾರನನ್ನು ಕೆಳಗಿನ ಲೀಗಿಗೆ ಕಳಿಸಬೇಕಾದರೆ ‘ವೇವರ್ಸ್’ ಅನ್ನುವ ಹಂತ ದಾಟಬೇಕು. ಅಂದರೆ ಬೇರೆ ತಂಡದವರು ಅವನನ್ನು ಎತ್ತಿಕೊಂಡು ಹೋಗಬಹುದು. ಹೊಸ ಹುಡುಗರಿಗೆ ಮೊದಲ ಕೆಲವು ವರ್ಷ ಈ ನಿಯಮ ಇಲ್ಲ. ಹಾಗಾಗಿ ಇಬ್ಬರೂ ಸಮ ಸಮ ಆಡಿದರೆ ಕೆಳಗೆ ಹೋಗೋದು ಹುಡುಗನೇ. ಅವನನ್ನು ಕಳಿಸಿದರೆ ಕಳೆದುಕೊಳ್ಳುವ ಭಯ ಇಲ್ಲ. ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದು ನನಗೆ ನೋವಿನ ವಿಷಯ. ಅಲ್ಲಿ ಕ್ಯಾಂಪಿನಿಂದ ಕೆಳಗೆ ಹೋದ ಹುಡುಗ ಸಾಮಾನ್ಯವಾಗಿ ಕೆಳಗಿನ ಲೀಗಿನ ತಂಡವೊಂದರಲ್ಲಿ ಆಡುತ್ತಾ ಇರುತ್ತಾನೆ. ನಮ್ಮ ಹುಡುಗ ನೇರವಾಗಿ ಊರಿನ ಬಸ್ಸು ಹತ್ತುತ್ತಾನೆ.

ತೂಕದ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಇಲ್ಲಿ ಹುಡುಗರು ಅಪಾಯಕ್ಕೆ ಬೀಳುತ್ತಾರೆ. ಸೀನಿಯರ್ ಗಂಡಸರಿಗೆ 85 ಕೆಜಿ ಮಿತಿ, ಜೂನಿಯರ್ ಹುಡುಗರಿಗೆ ಅದಕ್ಕಿಂತ ಕಡಿಮೆ. ತೂಕ ಹಾಕುವ ಹಿಂದಿನ ದಿನ ನೀರು ಬಿಡೋದು, ಜರ್ಕಿನ್ ಹಾಕಿಕೊಂಡು ಬಿಸಿಲಲ್ಲಿ ಓಡೋದು ನಡೆಯುತ್ತದೆ. ಕೆಲವರು ಮೆಡಿಕಲ್ ಶಾಪಿನಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುತ್ತಾರೆ. ಈ ಮಾತ್ರೆಗಳು ಡೋಪಿಂಗ್ ನಿಷೇಧದ ಪಟ್ಟಿಯಲ್ಲಿವೆ. ಸಿಕ್ಕಿಬಿದ್ದರೆ ಕ್ಯಾಂಪ್ ಅಲ್ಲ, ವರ್ಷಗಟ್ಟಲೆ ಆಟವೇ ಹೋಗುತ್ತದೆ. ಅದಕ್ಕಿಂತ ಮುಖ್ಯ, ಮೈಯಲ್ಲಿ ನೀರಿಲ್ಲದೆ 30 ಸೆಕೆಂಡಿನ ರೈಡನ್ನು ಮತ್ತೆ ಮತ್ತೆ ಮಾಡಿದರೆ ಸ್ನಾಯು ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ. ಕ್ಯಾಂಪಿಗೆ ಎರಡು ತಿಂಗಳು ಮೊದಲೇ ತೂಕ ಸರಿಮಾಡಿಕೊಳ್ಳಿ. ಕೊನೆಯ ದಿನ ಇಳಿಸಿದ ತೂಕ ನೀರಿನದು ಮಾತ್ರ.

ಗಾಯ ಮುಚ್ಚಿಡೋದು ಇದಕ್ಕಿಂತ ಕೆಟ್ಟದ್ದು. ಮಣ್ಣಿನ ಮೈದಾನದಲ್ಲಿ ತಿರುಗುವಾಗ ಕಾಲು ಸ್ವಲ್ಪ ಜಾರುತ್ತದೆ. ಮ್ಯಾಟ್ ಮೇಲೆ ಶೂ ಗಟ್ಟಿಯಾಗಿ ಹಿಡಿಯುತ್ತದೆ, ಪಾದ ನಿಂತಲ್ಲೇ ನಿಂತು ಮಂಡಿ ತಿರುಗುತ್ತದೆ. ಮಣ್ಣಿನಿಂದ ನೇರ ಮ್ಯಾಟ್ ಕ್ಯಾಂಪಿಗೆ ಹೋದ ನಮ್ಮ ಹುಡುಗರಿಗೆ ಮಂಡಿ ನೋವು ಬರೋದು ಹೆಚ್ಚಾಗಿ ಇದರಿಂದಲೇ. ಮಂಡಿಯಲ್ಲಿ ‘ಟಪ್’ ಅಂತ ಸದ್ದಾಗಿ ಕೆಲವೇ ಗಂಟೆಯಲ್ಲಿ ಊದಿಕೊಂಡರೆ ಲಿಗಮೆಂಟ್ ಹರಿದಿರುವ ಸಾಧ್ಯತೆ ಜಾಸ್ತಿ. ಆಗ ಜಾಗ ಹೋಗುತ್ತದೆ ಅಂತ ನೋವಿನ ಮಾತ್ರೆ ನುಂಗಿ ಮರುದಿನ ಆಡಬೇಡಿ. ಫಿಸಿಯೋಗೆ ಹೇಳಿ. ಹೇಳಿದರೆ ಈ ಸೀಸನ್ ಹೋಗಬಹುದು. ಹೇಳದೆ ಆಡಿದರೆ ಮಂಡಿಯೇ ಹೋಗುತ್ತದೆ. ಕ್ಯಾಂಪಿಗೆ ಮೊದಲು ಒಂದಷ್ಟು ವಾರವಾದರೂ ಮ್ಯಾಟ್ ಮೇಲೆ, ಶೂ ಹಾಕಿಕೊಂಡು ಅಭ್ಯಾಸ ಮಾಡಿ. ಊರಲ್ಲಿ ಮ್ಯಾಟ್ ಇಲ್ಲದಿದ್ದರೆ ಇರುವ ಕಡೆ ವಾರಕ್ಕೆ ಎರಡು ದಿನವಾದರೂ ಹೋಗಿ ಬನ್ನಿ.

ಜಾಗ ಸಿಕ್ಕವರ ಕಥೆಯನ್ನೂ ಹೇಳಬೇಕು. ಪುಣೇರಿ ಪಲ್ಟನ್ 2024ರಲ್ಲಿ ಕಪ್ ಗೆದ್ದಾಗ ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಕ್ಯಾಪ್ಟನ್ ಅಸ್ಲಂ ಇನಾಮದಾರ್ ಆ ತಂಡಕ್ಕೆ ಎನ್‌ವೈಪಿ ಆಗಿ ಬಂದ ಹುಡುಗ. ಪವನ್ ಸೆಹ್ರಾವತ್ ಬೆಂಗಳೂರು ಬುಲ್ಸ್ ಸೇರಿದ್ದು ಮೂರನೇ ಸೀಸನ್ನಿನಲ್ಲಿ. ಐದನೇ ಸೀಸನ್ನಿಗೆ ಗುಜರಾತಿಗೆ ಹೋದ, ಅಲ್ಲಿ ಅವನಿಗೆ ಹೆಚ್ಚು ಅವಕಾಶ ಸಿಗಲಿಲ್ಲ. ಆರನೇ ಸೀಸನ್ನಿಗೆ ಬುಲ್ಸ್‌ಗೆ ವಾಪಸ್ ಬಂದು 271 ರೈಡ್ ಪಾಯಿಂಟ್ ತಗೊಂಡ. 2019ರ ಜನವರಿಯ ಫೈನಲ್ಲಿನಲ್ಲಿ ಅದೇ ಗುಜರಾತ್ ಮೇಲೆ ಒಬ್ಬನೇ 22 ಪಾಯಿಂಟ್ ತಂದ, ಬುಲ್ಸ್ 38–33ರಲ್ಲಿ ಗೆದ್ದಿತು. ಗುಜರಾತಿನಲ್ಲಿ ಇದ್ದಾಗಲೂ ಅವನ ಕಾಲಲ್ಲಿ ಅಷ್ಟೇ ವೇಗ ಇತ್ತು. ಆದರೆ ಆ ತಂಡದಲ್ಲಿ ಅವನ ಆಕಾರದ ಜಾಗ ಖಾಲಿ ಇರಲಿಲ್ಲ.

ಹಾಗಾಗಿ ಕ್ಯಾಂಪಿನಿಂದ ವಾಪಸ್ ಕಳಿಸಿದಾಗ ಹುಡುಗರಿಗೆ ನಾನು ಹೇಳಿಕೊಡೋದು ಒಂದೇ ಕೆಲಸ. ಬ್ಯಾಗ್ ಕಟ್ಟುವ ಮೊದಲು ಹೋಗಿ ಕೋಚ್‌ನ ಮುಂದೆ ನಿಂತು ಮರ್ಯಾದೆಯಿಂದ ಕೇಳು: ‘ಸರ್, ನನ್ನ ಆಟದಲ್ಲಿ ಕೊರತೆ ಇತ್ತಾ, ಅಥವಾ ನನ್ನ ಪೊಸಿಷನ್ನಿನಲ್ಲಿ ಜಾಗ ಇರಲಿಲ್ಲವಾ?’ ಹೆಚ್ಚಿನ ಕೋಚ್‌ಗಳು ನೇರವಾಗಿ ಹೇಳುತ್ತಾರೆ. ಜಾಗ ಇರಲಿಲ್ಲ ಅಂದರೆ ಮುಂದಿನ ವರ್ಷ ಬೇರೆ ತಂಡದ ಟ್ರಯಲ್ಸ್‌ಗೆ ಹೋಗಬೇಕು. ಯಾವ ತಂಡ ಯಾವ ಕಾರ್ನರ್‌ನನ್ನು ಬಿಟ್ಟಿದೆ ಅನ್ನೋದು ಹರಾಜಿಗೆ ಮೊದಲೇ ಪೇಪರಿನಲ್ಲಿ ಬರುತ್ತದೆ, ಓದಿಕೊಂಡು ಹೋಗಬೇಕು. ಕೊರತೆ ಇತ್ತು ಅಂದರೆ ಅದೇನು ಅಂತ ಬರೆದುಕೊಂಡು ಬರಬೇಕು. ಆ ಚೀಟಿ ಹಿಡಿದು ಬಂದ ಹುಡುಗನ ಜೊತೆ ಕೆಲಸ ಶುರು ಮಾಡೋದು ನನಗೂ ಸುಲಭ. ಅಲ್ಲಿಂದ ಮುಂದೆ ವಿಶ್ವವಿದ್ಯಾಲಯದ ತಂಡ, ರಾಜ್ಯ ತಂಡದ ಆಯ್ಕೆ, 2022ರಲ್ಲಿ ಶುರುವಾದ ಯುವ ಕಬಡ್ಡಿ ಸೀರೀಸ್, ರೈಲ್ವೆ, ಪೊಲೀಸ್ ತಂಡಗಳ ಕ್ರೀಡಾ ಕೋಟಾ ಎಲ್ಲ ಇವೆ.

ಮನೆಯವರಿಗೂ ಒಂದು ವಿನಂತಿ. ‘ನನಗೆ ಒಳಗಿನವರು ಗೊತ್ತು, ಕ್ಯಾಂಪಿಗೆ ಸೇರಿಸ್ತೀನಿ’ ಅಂತ ದುಡ್ಡು ಕೇಳಿಕೊಂಡು ಬರುವವರು ಈಗ ಹಳ್ಳಿ ಹಳ್ಳಿಗೂ ಬರುತ್ತಿದ್ದಾರೆ. ಮೆಕ್ಕೆಜೋಳ ಮಾರಿದ ದುಡ್ಡನ್ನು ಅವರ ಕೈಗೆ ಕೊಡಬೇಡಿ. ಟ್ರಯಲ್ಸ್ ಎಲ್ಲಿ, ಯಾವಾಗ ಅನ್ನೋದನ್ನು ತಂಡಗಳೇ ತಮ್ಮ ಅಧಿಕೃತ ಪುಟಗಳಲ್ಲಿ ಹಾಕುತ್ತವೆ. ಅದನ್ನು ನೋಡಿ, ಇಲ್ಲವೇ ನಿಮ್ಮ ತಾಲ್ಲೂಕಿನ ದೈಹಿಕ ಶಿಕ್ಷಕರನ್ನು ಕೇಳಿ. ಹುಡುಗನ ವಯಸ್ಸಿನ ದಾಖಲೆ, ಆಧಾರ್, ಆಡಿದ ಪಂದ್ಯಗಳ ಸರ್ಟಿಫಿಕೇಟುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ಇವುಗಳಲ್ಲಿ ಹುಟ್ಟಿದ ದಿನಾಂಕ ಒಂದೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಕ್ಯಾಂಪಿನ ಬಾಗಿಲಲ್ಲಿ ನಿಂತಾಗ ಅದನ್ನು ತಿದ್ದಿಸಲು ಟೈಮ್ ಇರುವುದಿಲ್ಲ.